ಧೈರ್ಯ ನಿಮ್ಮದು, ಗೆಲುವು ನಮ್ಮದು

ಚಿರಂಜೀವಿ ಮೊಮ್ಮಗನಿಗೆ ಅಜ್ಜನ ಆಶೀರ್ವಾದಗಳು.

ಯುದ್ಧಕಾಲದಲ್ಲಿ ಪ್ರಶ್ನೆ ಕೇಳುವವರೆಲ್ಲ ಒಗ್ಗಟ್ಟು ಒಡೆಯುವವರು ಎಂದು ಬರೆದಿದ್ದೀಯೆ. ಸಿಟ್ಟು ಬರಲಿಲ್ಲ, ನಿನ್ನ ವಯಸ್ಸಿನಲ್ಲಿ ನಾನೂ ಹಾಗೆಯೇ ಅನ್ನುತ್ತಿದ್ದೆ. ಇಷ್ಟು ವರ್ಷ ಇತಿಹಾಸದ ಪಾಠ ಹೇಳಿದ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ.

ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಬ್ರಿಟನ್ ಸರ್ಕಾರ ಜನರಿಗೆ ಧೈರ್ಯ ತುಂಬಲು ಊರೂರಲ್ಲಿ ಒಂದು ಭಿತ್ತಿಪತ್ರ ಅಂಟಿಸಿತು. ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢನಿಶ್ಚಯ ನಮಗೆ ಗೆಲುವು ತರುತ್ತದೆ ಎಂಬುದು ಅದರ ಒಕ್ಕಣೆ. ಓದಿದವರಲ್ಲಿ ಅನೇಕರು ಮುಖ ಸಿಂಡರಿಸಿದರು. ಪಾಡು ಪಡುವವರು ನೀವು, ಗೆಲ್ಲುವವರು ನಾವು ಎಂದಂತಾಗಲಿಲ್ಲವೇ? ಬರೆದವರಿಗೆ ಅದು ಹೊಳೆದೇ ಇರಲಿಲ್ಲ.

ಮರುವರ್ಷ ಸೆಪ್ಟೆಂಬರ್ 7ರಿಂದ ಲಂಡನ್ನಿನ ಮೇಲೆ ಹೆಚ್ಚುಕಡಿಮೆ ಪ್ರತಿ ರಾತ್ರಿ ಬಾಂಬು ಬೀಳತೊಡಗಿತು. ನೆಲದಡಿಯ ರೈಲು ನಿಲ್ದಾಣಗಳಲ್ಲಿ ಜನ ಆಶ್ರಯ ಪಡೆಯುವುದು ಸರ್ಕಾರಕ್ಕೆ ಮೊದಲು ಬೇಕಿರಲಿಲ್ಲ. ಒಮ್ಮೆ ಕೆಳಗಿಳಿದವರು ಮೇಲೆ ಬರಲಾರರು ಎಂಬ ಭಯ. ಜನ ಏನು ಮಾಡಿದರು ಗೊತ್ತೇ? ಟಿಕೆಟ್ ಕೊಂಡು ಇಳಿದು, ಅಲ್ಲಿಯೇ ಹಾಸಿಕೊಂಡು ಮಲಗಿದರು. ಕೊನೆಗೆ ಸರ್ಕಾರವೇ ಸೋತು ಮಂಚ, ಶೌಚಾಲಯ ಒದಗಿಸಿತು. ಅಪ್ಪಣೆ ಮೀರಿದ ಅದೇ ಜನ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದರು. ಅವರನ್ನು ದ್ರೋಹಿಗಳು ಎನ್ನುತ್ತೀಯಾ?

ಪಡಿತರದ ವಿಷಯವೂ ಹೀಗೆಯೇ. ಬೆಣ್ಣೆ, ಸಕ್ಕರೆಗೆ ಮಿತಿ ಬಿದ್ದಾಗ ರಾಜಮನೆತನಕ್ಕೂ ಪಡಿತರ ಚೀಟಿ ಬಂತು. ಕಾಳಸಂತೆ ಇರಲಿಲ್ಲ ಎಂದಲ್ಲ, ಧಾರಾಳವಾಗಿಯೇ ಇತ್ತು. ಆದರೂ ನಿಯಮ ಎಲ್ಲರಿಗೂ ಒಂದೇ ಎಂದಾಗ ಹೊಟ್ಟೆಯ ಕೊರತೆ ಅಷ್ಟಾಗಿ ಚುಚ್ಚುವುದಿಲ್ಲ.

ಸೇನೆಯ ಚಲನವಲನ ಗುಟ್ಟಾಗಿರಲಿ, ಅದಕ್ಕೆ ನನ್ನ ತಕರಾರಿಲ್ಲ. ಖಚಿತವಾಗದ ಸಾವುನೋವಿನ ಸುದ್ದಿಯನ್ನು ಮೊಬೈಲಿನಲ್ಲಿ ಹಂಚುವ ಚಟವನ್ನಂತೂ ನೀನು ಇವತ್ತೇ ಬಿಡು.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಅದೇ 1940ರಲ್ಲಿ, ಅದೇ ಬ್ರಿಟನ್ನಿನಲ್ಲಿ, ಶತ್ರುದೇಶದಲ್ಲಿ ಹುಟ್ಟಿದವರು ಎಂಬ ಕಾರಣಕ್ಕೆ ಸಾವಿರಾರು ಮಂದಿಯನ್ನು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಬಹಳಷ್ಟು ಜನ ಹಿಟ್ಲರನ ಕಾಟ ತಾಳಲಾರದೆ ಓಡಿಬಂದಿದ್ದ ಯಹೂದಿಗಳು! ಹಿಟ್ಲರನ ಮೇಲೆ ಅವರಿಗಿದ್ದಷ್ಟು ರೋಷ ಬೇರೆ ಯಾರಿಗಿದ್ದೀತು? ಹಲವರನ್ನು ಆಮೇಲೆ ಬಿಟ್ಟರು, ನಿಜ. ಬಾಗಿಲು ಬಡಿದು ಕರೆದೊಯ್ದಾಗ ನೆರೆಮನೆಯ ಕಿಟಕಿಯಿಂದ ನೋಡುತ್ತಿದ್ದವರ ಮುಖವನ್ನು ಅವರು ಮರೆತಿರಲಾರರು.

ಪತ್ರದ ಕೊನೆಯಲ್ಲಿ ನಿನ್ನ ಸಹಪಾಠಿಯ ಬಗ್ಗೆ ಎರಡು ಸಾಲು ಬರೆದಿದ್ದೀಯೆ. ಅವನ ಮನೆಮಾತು ಆಚೆ ದೇಶದವರದು, ಈಗ ಯಾರೂ ಅವನೊಡನೆ ಮಾತನಾಡುವುದಿಲ್ಲ ಎಂದು. ಯಾರೂ ಎಂದರೆ ನೀನೂ ಸೇರಿಯೇ? ಅವನು ಊಟಕ್ಕೆ ಯಾರ ಪಕ್ಕ ಕೂರುತ್ತಾನೆ ಎಂಬುದನ್ನು ಮುಂದಿನ ಪತ್ರದಲ್ಲಿ ತಿಳಿಸು.

ಇತಿ,
ನಿನ್ನ ಅಜ್ಜ