ಕೀಮೋ ಶುರು ಮಾಡೋ ಮುಂಚೆ ಅಪ್ಪ ಅಮ್ಮನಿಗೆ ಒಂದು ಮಾತು ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಗಂಡಸರ ಬಂಜೆತನದ ಬಗ್ಗೆ ಪೇಪರಲ್ಲಿ ಬರೋದನ್ನೆಲ್ಲ ನಾನು ತಪ್ಪದೆ ಓದ್ತೀನಿ. ವೀರ್ಯಾಣು ಎಷ್ಟಿರಬೇಕು, ಸಿಗರೇಟ್ ಬಿಡಿ, ಬಿಗಿ ಬಟ್ಟೆ ಬೇಡ, ಇಷ್ಟೇ ಇರತ್ತೆ. ಆ ವೀರ್ಯಾಣು ಹುಟ್ಟೋದು ಯಾವುದರಿಂದ ಅಂತ ಯಾರೂ ಬರೆಯಲ್ಲ, ನನಗೂ ಗೊತ್ತಿರ್ಲಿಲ್ಲ, ಗೊತ್ತಾಗಿದ್ದು ನಮ್ಮ ಅಕ್ಕನ ಮಗನಿಂದ.

ಅವನಿಗೆ ಆರು ವರ್ಷ ಇದ್ದಾಗ ರಕ್ತದ ಕ್ಯಾನ್ಸರ್ ಬಂತು, ಜೋರಾದ ಕೀಮೋ ಕೊಟ್ಟು ಮೂಳೆಮಜ್ಜೆ ಕಸಿ ಮಾಡಿದ್ರು, ಹುಡುಗ ಉಳ್ಕೊಂಡ, ಆ ಡಾಕ್ಟರ್‌ಗಳಿಗೆ ಇವತ್ತಿಗೂ ಕೈ ಮುಗೀತೀವಿ. ದೊಡ್ಡವನಾದ, ಗಡ್ಡ ಮೀಸೆ ಬಂತು, ದನಿ ಒಡೀತು, ಮದುವೆನೂ ಆಯ್ತು. ಮಕ್ಕಳಾಗ್ಲಿಲ್ಲ ಅಂತ ಟೆಸ್ಟ್ ಮಾಡಿಸಿದ್ರೆ ಒಂದೇ ಒಂದು ವೀರ್ಯಾಣು ಇಲ್ಲ. ವೃಷಣದ ಒಳಗೇ ಹುಡುಕಿ ತೆಗೆಯೋ ಆಪರೇಷನ್ನೂ ಆಯ್ತು, ಕೆಲವರಿಗೆ ಅದರಲ್ಲಿ ಸಿಗತ್ತಂತೆ, ಇವನಿಗೆ ಸಿಗಲಿಲ್ಲ.

ಆಗ ಡಾಕ್ಟರ್ ಕಂಪ್ಯೂಟರಲ್ಲಿ ಎರಡು ಚಿತ್ರ ತೋರಿಸಿದ್ರು. ವೃಷಣ ಅಂದ್ರೆ ಒಳಗೆಲ್ಲ ಸುರುಳಿ ಸುತ್ಕೊಂಡಿರೋ ನೂರಾರು ಸಣ್ಣ ನಳಿಕೆಗಳು, ಒಂದೊಂದೂ ಸುಮಾರು 0.2 ಮಿಲಿಮೀಟರ್ ದಪ್ಪ, ಅಡ್ಡ ಕತ್ತರಿಸಿದ್ರೆ ಬಳೆ ಥರ ಕಾಣತ್ತೆ. ಮೊದಲ ಚಿತ್ರ ಆರೋಗ್ಯವಂತರದ್ದು. ಬಳೆಯ ಹೊರ ಗೋಡೆಗೆ ಒತ್ಕೊಂಡು ಅಲ್ಲೊಂದು ಇಲ್ಲೊಂದು ಕೂತಿರೋವೇ ಸ್ಟೆಮ್ ಸೆಲ್, ಕನ್ನಡದಲ್ಲಿ ಆಕರಕೋಶ, ವೀರ್ಯಾಣು ಹುಟ್ಟೋದು ಇವುಗಳಿಂದಲೇ. ಒಳಕ್ಕೆ ಹೋದ ಹಾಗೆ ಸಾಲು ಸಾಲಾಗಿ ಬೆಳೀತಿರೋ ಕೋಶಗಳು, ನಟ್ಟನಡುವೆ ಬಾಲ ಬಂದ ವೀರ್ಯಾಣುಗಳು. ಎರಡನೇ ಚಿತ್ರ ನಮ್ಮ ಹುಡುಗನದ್ದು. ಬಳೆ ಇದೆ, ಗೋಡೆಗುಂಟ ಒಂದೇ ಒಂದು ಸಾಲು ಕೋಶ, ಒಳಗೆಲ್ಲ ಖಾಲಿ. ಆ ಸಾಲು ಸೆರ್ಟೋಲಿ ಕೋಶಗಳದ್ದು, ಸ್ಟೆಮ್ ಸೆಲ್‌ಗಳನ್ನ ತಾಯಿ ಥರ ಸಾಕೋವು, ಜಿಡಿಎನ್‌ಎಫ್ ಅನ್ನೋ ಪ್ರೋಟೀನ್ ಕೊಟ್ಟು ಅವು ಕೆಡದ ಹಾಗೆ ನೋಡ್ಕೊಳ್ಳೋವು. ಸಾಕೋರು ಇದಾರೆ ಆದ್ರೆ ಮಕ್ಕಳೇ ಇಲ್ಲ, ಅದನ್ನ ನೋಡಿ ನನಗೆ ಮಾತೇ ಹೊರಡಲಿಲ್ಲ.

ಸ್ಟೆಮ್ ಸೆಲ್ ಒಡೆದು ಎರಡಾದಾಗ ಕೆಲವು ತಮ್ಮ ಜಾಗದಲ್ಲೇ ಸ್ಟೆಮ್ ಸೆಲ್ ಆಗಿ ಉಳಿದುಬಿಡತ್ತೆ, ಉಳಿದವು ಬೆಳೆಯೋ ದಾರಿ ಹಿಡಿಯತ್ತೆ, ಆ ದಾರಿ ಮುಗಿಯೋಕೆ ಸುಮಾರು 74 ದಿನ. ಸ್ಟೆಮ್ ಸೆಲ್‌ಗಳ ಈ ದಾಸ್ತಾನು ಕರಗದೆ ಇರೋದಕ್ಕೇ ಗಂಡಸಿಗೆ ವಯಸ್ಸಾದ್ರೂ ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ವೀರ್ಯಾಣು ತಯಾರಾಗ್ತಾ ಇರತ್ತೆ. ಜೋರಾದ ಕೀಮೋ ಈ ಸ್ಟೆಮ್ ಸೆಲ್‌ಗಳನ್ನೂ ಕೊಲ್ಲಬಹುದು, ಒಂದಷ್ಟು ಉಳಿದ್ರೂ ಕೆಲವು ತಿಂಗಳಿಗೋ ವರ್ಷಕ್ಕೋ ಮತ್ತೆ ಚಿಗುರಬಹುದು, ಪೂರ್ತಿ ಸತ್ತರೆ ಮುಗೀತು. ಹಾರ್ಮೋನ್ ಮಾಡೋ ಲೇಡಿಗ್ ಕೋಶಗಳು ಬೇರೆ, ಅವು ಗಟ್ಟಿ, ಅದಕ್ಕೇ ಗಡ್ಡ ಮೀಸೆ ಎಲ್ಲ ಸರಿಯಾಗಿ ಬಂದು ಯಾರಿಗೂ ಅನುಮಾನನೇ ಬರಲ್ಲ.

ಪ್ರಾಯಕ್ಕೆ ಬಂದ ಹುಡುಗ ಆದ್ರೆ ಕೀಮೋ ಮುಂಚೆ ವೀರ್ಯ ಕೊಟ್ಟು ಫ್ರೀಜ್ ಮಾಡಿಸಿದ್ರೆ ಆಯ್ತು. ಆರು ವರ್ಷದ ಮಗುವಲ್ಲಿ ವೀರ್ಯಾಣು ಎಲ್ಲಿಂದ ಬರಬೇಕು, ಆದ್ರೆ ಸ್ಟೆಮ್ ಸೆಲ್ ಇರತ್ತಲ್ಲ! ವೃಷಣದ ಒಂದು ಚೂರು ತೆಗೆದು ಫ್ರೀಜ್ ಮಾಡಿ ಇಡೋ ಪದ್ಧತಿ ಈಗ ಕೆಲವು ದೇಶಗಳಲ್ಲಿ ಇದೆ. 1994ರಲ್ಲಿ ಅಮೆರಿಕದ ವಿಜ್ಞಾನಿ ರಾಲ್ಫ್ ಬ್ರಿನ್‌ಸ್ಟರ್ ಒಂದು ಇಲಿಯ ಸ್ಟೆಮ್ ಸೆಲ್‌ಗಳನ್ನ ಇನ್ನೊಂದು ಬಂಜೆ ಇಲಿಯ ವೃಷಣಕ್ಕೆ ಹಾಕಿ ವೀರ್ಯಾಣು ಬರಿಸಿದ್ರು, 2019ರಲ್ಲಿ ಅಲ್ಲಿನ ಪಿಟ್ಸ್‌ಬರ್ಗ್‌ನ ವಿಜ್ಞಾನಿಗಳು ಒಂದು ಎಳೆ ಕೋತಿಯ ವೃಷಣದ ಚೂರನ್ನ ಫ್ರೀಜ್ ಮಾಡಿಟ್ಟು ಆಮೇಲೆ ಅದೇ ಕೋತಿಗೆ ಕಸಿ ಮಾಡಿ, ಅದರಲ್ಲಿ ಬೆಳೆದ ವೀರ್ಯಾಣುವಿಂದ ಗ್ರೇಡಿ ಅನ್ನೋ ಹೆಣ್ಣುಮರಿ ಹುಟ್ಟಿದ್ದನ್ನ ತಿಳಿಸಿದ್ರು. ಮನುಷ್ಯರಲ್ಲಿ ಇದು ಇನ್ನೂ ಪ್ರಯೋಗ, ಅದರಲ್ಲೂ ರಕ್ತದ ಕ್ಯಾನ್ಸರ್ ಮಕ್ಕಳ ಚೂರಲ್ಲಿ ಕ್ಯಾನ್ಸರ್ ಕೋಶನೂ ಸೇರ್ಕೊಂಡಿರಬಹುದು, ಹಾಗೇ ವಾಪಸ್ ಇಡೋ ಹಾಗಿಲ್ಲ. ಇದನ್ನ ಮುಚ್ಚಿಟ್ಟು ಆಸೆ ಹುಟ್ಟಿಸೋದು ತಪ್ಪು.

ಆದ್ರೆ ಹೇಳೋಕೇನು ಕಷ್ಟ? ನಮ್ಮ ಹುಡುಗನ ಕಾಲಕ್ಕೆ ಮಾಡೋಕೆ ಜಾಸ್ತಿ ಏನೂ ಇರ್ಲಿಲ್ಲ, ಒಪ್ತೀನಿ, ಆದ್ರೂ ಸೈನ್ ಹಾಕಿಸ್ಕೊಂಡ ಅಷ್ಟೊಂದು ಪೇಪರಲ್ಲಿ ಯಾರೂ ಈ ವಿಷಯ ಎತ್ತಲಿಲ್ಲ. ಗೊತ್ತಿದ್ದಿದ್ರೆ ಮದುವೆಗೆ ಮುಂಚೆನೇ ಟೆಸ್ಟ್ ಮಾಡಿಸಿ ಆ ಹುಡುಗಿಗೂ ಹೇಳಿರ್ತಿದ್ವಿ. "ಮಾವ, ಇದು ಅವತ್ತೇ ನಿಮಗೆಲ್ಲ ಗೊತ್ತಿತ್ತಾ?" ಅಂತ ಅವನು ಕೇಳಿದಾಗ ಇಲ್ಲಪ್ಪ ಅಂದೆ, ಅವನು ನಂಬಿದ್ನೋ ಇಲ್ವೋ.

ದಯವಿಟ್ಟು ಕ್ಯಾನ್ಸರ್ ಡಾಕ್ಟರ್‌ಗಳನ್ನ ಕೇಳಿ ಇದರ ಬಗ್ಗೆ ಒಂದು ಪೂರ್ತಿ ಲೇಖನ ಹಾಕಿ. ಅವನನ್ನ ಕೇಳಿ, ಅವನು ಬರೀರಿ ಮಾವ ಅಂದಮೇಲೇ ಈ ಕಾಗದ ಬರೆದಿದ್ದೀನಿ.

ಇಂತಿ ನಿಮ್ಮ,
ಒಬ್ಬ ಓದುಗ