ದೇವರು ಮಾತಾಡುತ್ತಿಲ್ಲ ಅಂದೆಯಲ್ಲ, ಅದಕ್ಕೆ ಈ ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಮುಗಿಸುವ ವಿಷಯ ಅಲ್ಲ ಅದು, ಹಾಗಾಗಿ ಕೂತು ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಮನಸ್ಸಲ್ಲಿಟ್ಟುಕೊಂಡು ಯಾರಿಗೂ ಹೇಳದೆ ಇರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅವರೂ ಓದಲಿ ಅಂತ ನನ್ನ ಆಸೆ. ಮೊದಲು ನಿನಗೆ ಕಳಿಸುತ್ತೇನೆ, ನೀನು ಅಡ್ಡಿ ಇಲ್ಲ ಅಂದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ.

ಈಸ್ಟರ್‌ಗೆ ಮುಂಚಿನ ನಮ್ಮ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಮೀನು, ಮಾಂಸ ಎರಡೂ ಬಿಟ್ಟಿದ್ದೀಯ. ಯೇಸು ಶಿಲುಬೆ ಹೊತ್ತ ದಾರಿಯನ್ನು ನೆನೆಯುವ ಶುಕ್ರವಾರದ ಪ್ರಾರ್ಥನೆ, ಶಿಲುಬೆ ಹಾದಿ, ಅದನ್ನೂ ತಪ್ಪಿಸಿಲ್ಲ. ರಾತ್ರಿ ಪ್ರಾರ್ಥನೆಗೂ ಕೂರುತ್ತೀಯ. ಆದರೂ ಆ ಕಡೆಯಿಂದ ಏನೂ ಕೇಳಿಸುವುದಿಲ್ಲ, ನಾನೊಬ್ಬನೇ ಮಾತಾಡಿ ಎದ್ದು ಬಂದ ಹಾಗಾಗುತ್ತದೆ ಅಂತ ಬರೆದಿದ್ದೀಯ. ಮೀನು ಬಿಡುವುದು ನಮ್ಮ ಕಡೆಯವರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಧರ್ಮಸಭೆ, ಅಂದರೆ ನಮ್ಮ ಚರ್ಚು, ಬಿಡಬೇಕು ಅಂತ ಹೇಳುವುದು ಮಾಂಸ ಮಾತ್ರ, ಮೀನಿಗೆ ತಡೆ ಇಲ್ಲ. ಆದರೆ ಕಾರವಾರದಲ್ಲಿ ಬೆಳೆದವನಿಗೆ ಕೋಳಿ ಬಿಡುವುದು ಯಾವ ಲೆಕ್ಕ? ತಟ್ಟೆಯಲ್ಲಿ ಬಂಗಡೆ ಇಲ್ಲದಿದ್ದಾಗಲೇ ತಪಸ್ಸು ಕಾಲ ಬಂದಿದೆ ಅಂತ ಹೊಟ್ಟೆಗೆ ಗೊತ್ತಾಗುವುದು. ಹಾಗಾಗಿ ನಿನ್ನ ಉಪವಾಸದ ಬಗ್ಗೆ ನನಗೆ ಗೌರವವೇ ಇದೆ.

ನಿನ್ನ ದೂರು ಮಾತ್ರ ತುಂಬಾ ಹಳೆಯದು ಮಾರಾಯಾ. ಬೈಬಲ್‌ನಲ್ಲಿ ಪ್ರವಾದಿ ಯೆಶಾಯನ 58ನೇ ಅಧ್ಯಾಯ ತೆಗೆದು ನೋಡು. ವಿಭೂತಿ ಬುಧವಾರ ಆಗಿ ಎರಡೇ ದಿನಕ್ಕೆ, ಶುಕ್ರವಾರದ ಪೂಜೆಯಲ್ಲಿ, ಅದನ್ನು ಓದುತ್ತಾರೆ. ಅಲ್ಲಿ ಜನ ದೇವರನ್ನು ಇದನ್ನೇ ಕೇಳುತ್ತಾರೆ: ನಾವು ಉಪವಾಸ ಮಾಡಿದೆವಲ್ಲ, ನೀವು ಯಾಕೆ ನೋಡಲೇ ಇಲ್ಲ? ದೇವರ ಉತ್ತರ ಖಾರವಾಗಿಯೇ ಇದೆ. ಉಪವಾಸದ ದಿನವೇ ನೀವು ಆಳುಗಳನ್ನು ದುಡಿಸಿಕೊಳ್ಳುತ್ತೀರಿ, ಜಗಳ ಆಡುತ್ತೀರಿ. ನನಗೆ ಬೇಕಾದ ಉಪವಾಸ ಬೇರೆ. ಕಟ್ಟಿ ಹಾಕಿದವರನ್ನು ಬಿಡಿಸಿ, ಹಸಿದವರ ಜೊತೆ ಊಟ ಹಂಚಿಕೊಳ್ಳಿ, ಮನೆ ಇಲ್ಲದವರನ್ನು ಒಳಗೆ ಕರೆಯಿರಿ, ಸ್ವಂತ ರಕ್ತಸಂಬಂಧಿಗಳಿಂದ ಮುಖ ತಪ್ಪಿಸಿಕೊಳ್ಳಬೇಡಿ. ಇಷ್ಟೆಲ್ಲ ಆದ ಮೇಲೆ 9ನೇ ವಚನ ಬರುತ್ತದೆ: ಆಗ ನೀನು ಕರೆದರೆ ದೇವರು ಓಗೊಡುತ್ತಾರೆ, ಕೂಗಿದರೆ ಇಗೋ ಇಲ್ಲಿದ್ದೇನೆ ಅನ್ನುತ್ತಾರೆ.

ಯಾವುದು ಮೊದಲು, ಯಾವುದು ಆಮೇಲೆ ಅಂತ ಗಮನಿಸಿದೆಯಾ? ದೇವರು ಮೊದಲು ಮಾತಾಡಲಿ, ಆಮೇಲೆ ಏನಾದರೂ ಮಾಡೋಣ ಅಂತ ನಾವು ಕಾಯುತ್ತಾ ಕೂರುತ್ತೇವೆ. ದೇವರು ಹೇಳುವುದನ್ನು ಆಗಲೇ ಹೇಳಿ, ನಾವು ಏಳುವುದನ್ನು ಕಾಯುತ್ತಿರುತ್ತಾರೆ.

ಈಗ ನಿನ್ನ ಮೆಸೇಜಿಗೆ ಬರುತ್ತೇನೆ. ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೀಯ. ಪ್ರಾರ್ಥನೆಗೆ ಕೂತಾಗಲೆಲ್ಲ ಅಣ್ಣನ ನೆನಪಾಗಿ ಮನಸ್ಸು ಚದುರುತ್ತದೆ, ಅದರಲ್ಲೂ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ಅನ್ನುವಲ್ಲಿ ಬಂದಾಗ ಜಾಸ್ತಿ ಅಂತ. ಅಪ್ಪ ತೀರಿಕೊಂಡು, ತೋಟದ ಪಾಲಿನ ವಿಷಯದಲ್ಲಿ ಮಾತು ಬೆಳೆದು, ನೀವಿಬ್ಬರೂ ಮುಖ ನೋಡುವುದನ್ನೇ ಬಿಟ್ಟಿದ್ದು ನನಗೆ ಗೊತ್ತಿರುವುದೇ. ನೀನು ಅದನ್ನು ಪ್ರಾರ್ಥನೆಗೆ ಅಡ್ಡಿ ಅಂತ ತಿಳಿದು ದೂರ ತಳ್ಳುತ್ತಿದ್ದೀಯ, ಕಣ್ಣು ಇನ್ನೂ ಗಟ್ಟಿ ಮುಚ್ಚಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೀಯ. ನನಗೆ ಅನ್ನಿಸುವುದು, ನೀನು ಕೇಳಿಸುತ್ತಿಲ್ಲ ಅನ್ನುವ ದನಿ ಅದೇ ಇರಬೇಕು. ಬೈಬಲ್‌ನಲ್ಲಿ ಬರುವ ಬಾಲಕ ಸಮುವೇಲನನ್ನು ದೇವರು ಕರೆದಾಗ ಅವನಿಗೂ ಗೊತ್ತಾಗಲಿಲ್ಲ ಅಲ್ವಾ? ಒಳಗೆ ಮಲಗಿದ್ದ ಮುದುಕ ಯಾಜಕ ಏಲಿಯೇ ಕರೆದರು ಅಂತ ಮೂರು ಸಲ ಎದ್ದು ಓಡಿದ. ಪರಿಚಯದ ಮನುಷ್ಯನ ದನಿಯ ಹಾಗೇ ಇತ್ತು ಅದು.

ತಪಸ್ಸು ಕಾಲದ ಎರಡನೇ ಭಾನುವಾರದ ಶುಭಸಂದೇಶವೂ, ಅಂದರೆ ಯೇಸುವಿನ ಜೀವನದಿಂದ ಪೂಜೆಯಲ್ಲಿ ಓದುವ ಭಾಗವೂ, ಇದನ್ನೇ ಹೇಳುತ್ತದೆ. ಬೆಟ್ಟದ ಮೇಲೆ ಯೇಸುವಿನ ಮುಖ ಹೊಳೆಯುತ್ತದೆ, ಶಿಷ್ಯ ಪೇತ್ರನಿಗೆ ಅಲ್ಲೇ ಇದ್ದುಬಿಡುವ ಆಸೆ, ಮೂರು ಗುಡಾರ ಹಾಕೋಣ ಅನ್ನುತ್ತಾನೆ. ಅವನ ಮಾತು ಮುಗಿಯುವ ಮೊದಲೇ ಮೋಡದಿಂದ ದನಿ ಬರುತ್ತದೆ: ಈತ ನನ್ನ ಪ್ರೀತಿಯ ಮಗ, ಈತನ ಮಾತು ಕೇಳಿ. ಸರಿ, ಅದಾದ ಮೇಲೆ ಯೇಸು ಏನು ಹೇಳುತ್ತಾರೆ? ಮತ್ತಾಯ ಬರೆದಿರುವ ಪ್ರಕಾರ, ಹೆದರಿ ಬಿದ್ದ ಶಿಷ್ಯರನ್ನು ಮುಟ್ಟಿ, ಏಳಿ, ಹೆದರಬೇಡಿ ಅನ್ನುತ್ತಾರೆ, ಅಷ್ಟೇ. ಆಮೇಲೆ ಎಲ್ಲರೂ ಬೆಟ್ಟ ಇಳಿಯುತ್ತಾರೆ. ಕೆಳಗೆ ಮೂರ್ಛೆರೋಗದ ಮಗನಿಗಾಗಿ ಬೇಡಿಕೊಳ್ಳುತ್ತಾ ಒಬ್ಬ ಅಪ್ಪ ಎದುರಾಗುತ್ತಾನೆ. ಭಾನುವಾರದ ವಾಚನ ಇಲ್ಲಿಯ ತನಕ ಬರುವುದಿಲ್ಲ, ಅದಕ್ಕೇ ಮನೆಯಲ್ಲಿ ಮತ್ತಾಯನ 17ನೇ ಅಧ್ಯಾಯ ಮುಂದುವರಿಸಿ ಓದು.

ನಾನು ಮಾಡುವುದು ತೀರಾ ಸರಳ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಆ ದಿನದ ಶುಭಸಂದೇಶ ನಿಧಾನವಾಗಿ ಓದುತ್ತೇನೆ. ಓದಿ, ಇವತ್ತು ಯಾರು ಅಂತ ಕೇಳಿ ಸುಮ್ಮನೆ ಕೂರುತ್ತೇನೆ. ಹೆಚ್ಚಾಗಿ ಮನಸ್ಸಿಗೆ ಬರುವುದು ಯಾರದಾದರೂ ಮುಖ. ಹೋದ ವಾರ ನಮ್ಮ ಓಣಿಯ ಮೀನು ಮಾರುವ ಅಕ್ಕನ ಮುಖ ಬಂತು. ಗಂಡ ಹೋದ ಮೇಲೆ ಅವರು ಪೇಟೆಗೆ ಬರುವುದೇ ಅಪರೂಪ ಆಗಿತ್ತು. ನಾನೂ ಮೀನು ಬಿಟ್ಟು ಉಳಿಸಿದ ದುಡ್ಡಲ್ಲಿ ಅಕ್ಕಿ, ಬೇಳೆ ತೆಗೆದುಕೊಂಡು ಹೋದೆ. ಅವರಿಗೆ ಅದಕ್ಕಿಂತ ಬೇಕಾಗಿದ್ದು ವಿಧವಾ ವೇತನದ ಅರ್ಜಿ ತುಂಬಿಸಿ, ನಾಡಕಚೇರಿಗೆ ಜೊತೆಗೆ ಬರುವ ಒಬ್ಬರು. ಅವತ್ತು ನನ್ನ ಪ್ರಾರ್ಥನೆ ಅಲ್ಲೇ ಆಯಿತು, ಬೆಂಚಿನ ಮೇಲೆ, ಟೋಕನ್ ಹಿಡಿದುಕೊಂಡು.

ಹಾಗಂತ ತಲೆಯಲ್ಲಿ ಬಂದಿದ್ದೆಲ್ಲ ದೇವರ ಮಾತು ಅಂತ ನಾನು ಹೇಳುವುದಿಲ್ಲ. ನನ್ನ ಕೋಪವೂ ಎಷ್ಟೋ ಸಲ ನ್ಯಾಯದ ವೇಷ ಹಾಕಿಕೊಂಡು ಬರುತ್ತದೆ. ಆ ಯೋಚನೆ ನನ್ನನ್ನು ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋಗುತ್ತದೋ, ಅವರ ಮೇಲೆ ಏರಿ ಹೋಗುವ ಹಾಗೆ ಮಾಡುತ್ತದೋ ಅಂತ ನೋಡಿಕೊಳ್ಳುತ್ತೇನೆ. ಗೊಂದಲ ಇದ್ದರೆ ಪಾಪನಿವೇದನೆಗೆ ಹೋದಾಗ ಫಾದರ್ ಹತ್ತಿರ ಬಿಚ್ಚಿ ಮಾತಾಡುತ್ತೇನೆ. ನೀನೂ ಮಾತಾಡು.

ಅಣ್ಣನನ್ನು ನೋಡಲು ಹೋದಾಗ ತೋಟದ ಲೆಕ್ಕ ತೆಗೆಯಬೇಡ. ಪಾಲಿನ ಮಾತು ಬೇಕಾದರೆ ಪಾಸ್ಕ ಹಬ್ಬ (ಈಸ್ಟರ್) ಕಳೆದ ಮೇಲೆ ಹಿರಿಯರನ್ನು ಕೂರಿಸಿಕೊಂಡು ಆಡಬಹುದು. ಅವನು ನಿನ್ನ ಮೇಲೆ ರೇಗಲೂಬಹುದು, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಲೂಬಹುದು. ಅದು ಅವನಿಗೆ ಬಿಟ್ಟಿದ್ದು. ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಒಳಗೆ ಒಮ್ಮೆ ಹೊನ್ನಾವರಕ್ಕೆ ಹೋಗಿ, ಹೇಗಿದ್ದೀಯ ಅಂತ ಕೇಳಿ ಬಾ. ಒಬ್ಬನೇ ಹೋಗಲು ಕಷ್ಟ ಆದರೆ ನಾನೂ ಬರುತ್ತೇನೆ. ನೀನು ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಾ, ನಾನು ಕಾರವಾರದಿಂದ ಬೆಳಗಿನ ಬಸ್ಸು ಹಿಡಿಯುತ್ತೇನೆ, ಅಲ್ಲಿಂದ ಒಟ್ಟಿಗೆ ಹೋಗೋಣ. ನಿನಗೆ ಯಾವ ಶನಿವಾರ ರಜೆ ಅಂತ ತಿಳಿಸು.

ನಿನ್ನವ,
ಕಾರವಾರದಿಂದ