ಬಾಯಿ ಏಳದ ದಿನ

ಪುಟ್ಟಾ,

ನಿನ್ನ ಪತ್ರದಲ್ಲಿ ಏನೇನೋ ಇತ್ತು. ನನ್ನನ್ನು ಎರಡು ದಿನದಿಂದ ಕಾಡ್ತಿರೋದು ಒಂದೇ ಸಾಲು. ಹಾಸ್ಟೆಲ್ಲಿನಲ್ಲಿ ಎಲ್ಲರೂ ಘೋಷಣೆ ಕೂಗುವಾಗ ನಿನ್ನ ಬಾಯಿ ಮಾತ್ರ ಏಳಲಿಲ್ಲ, "ನನಗೆ ನನ್ನ ಜನ, ನನ್ನ ದೇಶ ಅನ್ನೋದೇ ಇಲ್ವಾ ದೊಡ್ಡಮ್ಮ?" ಅಂತ ಕೇಳಿದ್ದೀಯ.

ಮೂವತ್ತು ವರ್ಷ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ಪಾಠ ಮಾಡಿದವಳು ನಾನು. ತರಗತಿಯಲ್ಲಿ ಹೂವು, ಕಾಮನಬಿಲ್ಲು ಅಂತಲೇ ಮುಗಿಸಿಬಿಟ್ಟೆ. ಹೇಳಬೇಕಾಗಿದ್ದು ಇದು: 1793ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಶುರುವಾದಾಗ ಅವನಿಗೆ ಇಪ್ಪತ್ತೆರಡು, ಹೆಚ್ಚುಕಮ್ಮಿ ನಿನ್ನದೇ ವಯಸ್ಸು. ಫ್ರಾನ್ಸಿನ ಕ್ರಾಂತಿಯ ಮೇಲೆ ಜೀವ ಇಟ್ಟುಕೊಂಡಿದ್ದ. ಅವನ ಎಳೆ ಹೆಣ್ಣುಕೂಸೂ ಅದರ ತಾಯಿಯೂ ಅಲ್ಲೇ ಇದ್ದರು. ಇತ್ತ ಚರ್ಚಿನಲ್ಲಿ ಊರವರೆಲ್ಲ ನಮ್ಮ ಸೈನ್ಯ ಗೆಲ್ಲಲಿ ಅಂತ ಬೇಡಿಕೊಳ್ಳುವಾಗ, ತಾನೊಬ್ಬ ಕರೆಯದೆ ಬಂದ ನೆಂಟನ ಹಾಗೆ ಸುಮ್ಮನೆ ಕೂತಿದ್ದೆ ಅಂತ ತನ್ನದೇ ಬದುಕಿನ ಕಥೆ ಹೇಳೋ ಕಾವ್ಯ 'ದಿ ಪ್ರೆಲ್ಯೂಡ್'ನಲ್ಲಿ ಬರೆದಿದ್ದಾನೆ. ದೇಶದ ಮರದಲ್ಲಿ ಹಸಿರೆಲೆಯಾಗಿದ್ದವನು ಕಿತ್ತು ಸುಳಿಗಾಳಿಗೆ ಬಿದ್ದೆ ಅಂತ ಒದ್ದಾಡ್ತಾನೆ. ದೇಶವೇ ಬೇಡ ಅನ್ನೋನಿಗೆ ಅಷ್ಟು ಸಂಕಟ ಆಗುತ್ತಾ?

ಮುಂದೆ ಇದೇ ಮನುಷ್ಯ 1813ರಲ್ಲಿ ಸರ್ಕಾರದ ತೆರಿಗೆ ಸ್ಟಾಂಪು ಹಂಚುವ ಕೆಲಸ ಹಿಡಿದ, 1843ರಲ್ಲಿ ಆಸ್ಥಾನಕವಿಯಾದ. ಆ ಕಾವ್ಯ ಅಚ್ಚಾಗಿದ್ದು ಅವನು ಸತ್ತಮೇಲೆ, 1850ರಲ್ಲಿ. ಅದನ್ನೂ ಮುಚ್ಚಿಡಲ್ಲ.

ನನ್ನ ಕಥೆ ಉಲ್ಟಾ. ಕಾಲೇಜಿನಲ್ಲಿದ್ದಾಗ ಒಂದು ಮೆರವಣಿಗೆ ಹೊರಟಿತ್ತು, ಯಾಕೆ ಅಂತ ಈಗ ಬೇಡ ಬಿಡು. ಬೇರೆ ಭಾಷೆಯವರೊಬ್ಬರ ಅಂಗಡಿ ಮುಂದೆ ಗುಂಪು ನಿಂತಿತು. ನನಗೆ ಅವರ ಮೇಲೆ ಸಿಟ್ಟೇನೂ ಇರಲಿಲ್ಲ, ದಿನಾ ಪೆನ್ನಿನ ರೀಫಿಲ್ಲು ತರ್ತಿದ್ದುದೇ ಅಲ್ಲಿ. ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದೆ. ಅವರು ಶಟರ್ ಎಳೆಯುವಾಗ ನನ್ನ ಮುಖವನ್ನೇ ನೋಡಿದರು. ಆವತ್ತು ನಿನ್ನ ಹಾಗೆ ನನ್ನ ಬಾಯೂ ಏಳದಿದ್ದರೆ, ಅಂತ ಎಷ್ಟು ಸಲ ಅಂದುಕೊಂಡಿದ್ದೀನೋ.

ಬುದ್ಧಿ ಹೇಳೋಕೆ ನಾನು ಯಾರು, ಆದರೂ ಒಂದು. ವರ್ಡ್ಸ್‌ವರ್ತನದೇ ಮುದಿ ಭಿಕ್ಷುಕನ ಪದ್ಯ ಒಂದಿದೆ. ಅದರಲ್ಲಿ ತನಗೇ ಸಾಲದ ಹೆಂಗಸೊಬ್ಬಳು ಪ್ರತಿ ಶುಕ್ರವಾರ ಹಿಟ್ಟಿನ ಪೆಟ್ಟಿಗೆಯಿಂದ ಒಂದು ಹಿಡಿ ತೆಗೆದು ಅವನ ಜೋಳಿಗೆಗೆ ಹಾಕ್ತಾಳೆ. ಘೋಷಣೆ ಇಲ್ಲ, ಬಾವುಟ ಇಲ್ಲ. ಊರು ಅಂದರೆ ಆ ಕವಿಗೆ ಅದು. ನಿನಗೂ ಅಂಥದ್ದೇನಾದರೂ ಇದೆಯಾ ನೋಡು. ಮೆಸ್ಸಿನಲ್ಲಿ ಬೇರೆ ಮೇಜಿಗೆ ಮಾತ್ರ ಹೋಗಬೇಡ, ಆ ಘೋಷಣೆ ಕೂಗಿದವರ ಜೊತೆಗೇ ಊಟಕ್ಕೆ ಕೂರು. ಕೂಗು ಬರಲಿಲ್ಲ ಅಂದರೆ ಬರಲಿಲ್ಲ.

ಆ ಅಂಗಡಿ ಈಗ ಮೊಬೈಲ್ ರಿಪೇರಿದು. ನಾನು ಈಗಲೂ ರಸ್ತೆಯ ಆಚೆ ಬದಿಯಲ್ಲೇ ನಡೀತೀನಿ.

ನಿನ್ನ ದೊಡ್ಡಮ್ಮ